ಕೋಮಾ ಅಂತ ಬರೀಬೇಡಿ ಸಂಪಾದಕರೇ

ಸಂಪಾದಕರಿಗೆ ನಮಸ್ಕಾರ,

ಬ್ರೈನ್ ಡೆತ್ ಆದ, ಅಂದ್ರೆ ಮೆದುಳು ಪೂರ್ತಿ ಸತ್ತ, ಬಸುರಿ ಹೆಂಗಸಿನ ಸುದ್ದಿ ಎಲ್ಲೇ ಆಗ್ಲಿ, ನಮ್ಮ ಪೇಪರ್‌ನೋರು ಟಿವಿಯೋರು "ಕೋಮಾದಲ್ಲೇ ಮಗು ಹೆತ್ತ ತಾಯಿ" ಅಂತ ಹೆಡ್ಡಿಂಗ್ ಹಾಕಿಬಿಡ್ತಾರೆ. ನಾನು ಇಪ್ಪತ್ತಾರು ವರ್ಷ ಸ್ಟಾಫ್ ನರ್ಸ್ ಆಗಿದ್ದೋಳು, ಅದ್ರಲ್ಲಿ ಹನ್ನೊಂದು ವರ್ಷ ಐಸಿಯುನಲ್ಲೇ ಕಳೆದೆ. ಕೋಮಾದಲ್ಲಿರೋರು ಬದುಕಿರ್ತಾರೆ, ಎಚ್ಚರ ಆಗಿ ಕಾಫಿ ಕೇಳಿದೋರನ್ನೂ ನೋಡಿದೀನಿ. ಬ್ರೈನ್ ಡೆತ್ ಆದೋರು ಸತ್ತಿರ್ತಾರೆ. ವೆಂಟಿಲೇಟರ್ ಎದೆ ಉಬ್ಬಿಸ್ತಿರತ್ತೆ, ಹೃದಯ ತನ್ನಷ್ಟಕ್ಕೆ ಹೊಡ್ಕೊಳ್ತಿರತ್ತೆ, ಅಷ್ಟೇ.

ಇದನ್ನ ಮನೆಯೋರಿಗೆ ನಂಬಿಸೋದು ಎಷ್ಟು ಕಷ್ಟ ಅಂತ ನನಗ್ಗೊತ್ತು. ಒಂದ್ಸಲ ಬೈಕ್ ಆಕ್ಸಿಡೆಂಟ್ ಆದ ಹುಡುಗ, ಡಾಕ್ಟ್ರು ಎರಡು ಸಲ ಕೂರಿಸ್ಕೊಂಡು ಹೇಳಿದ್ರೂ ಅವನ ತಾಯಿ ಪಾದ ಒತ್ತುತ್ತಾ "ಕಾಲು ಬೆಚ್ಚಗಿದೆ ನೋಡಿ ಸಿಸ್ಟರ್, ನೀವೇ ಮುಟ್ಟಿ ನೋಡಿ" ಅಂದ್ರು. ಮುಟ್ಟಿದೆ, ಬೆಚ್ಚಗೇ ಇತ್ತು. ಏನಂತ ಹೇಳ್ಲಿ, ಬೆಡ್‌ಶೀಟ್ ಸರಿ ಮಾಡಿ ಈಚೆ ಬಂದೆ. ಇನ್ನು ಅದೇ ಬೆಡ್ ಮೇಲೆ ಬಸುರಿ ಇದ್ದು, ಹೊಟ್ಟೆ ಮೇಲೆ ಡಾಪ್ಲರ್ ಯಂತ್ರ ಇಟ್ರೆ ಮಗುವಿನ ಹೃದಯ ಕುದುರೆ ಓಡಿದ ಹಾಗೆ ಟಕಟಕ ಅಂತ ಕೇಳ್ತಿದ್ರೆ?

2025ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಆದದ್ದು ಇದೇ. ಆ ಹುಡುಗಿಯೂ ನರ್ಸು, ಮೂವತ್ತು ವರ್ಷ. ಫೆಬ್ರವರಿಯಲ್ಲಿ ತಲೆನೋವು ಅಂತ ಆಸ್ಪತ್ರೆಗೆ ಹೋದ್ರೆ ಔಷಧಿ ಕೊಟ್ಟು ಮನೆಗೆ ಕಳ್ಸಿದ್ರಂತೆ, ಮಾರನೇ ದಿನಕ್ಕೆಲ್ಲ ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿ ಬ್ರೈನ್ ಡೆತ್. ಸುಮಾರು ಒಂಬತ್ತು ವಾರದ ಬಸುರಿ. ಅಲ್ಲಿ ಗರ್ಭಪಾತ ತಡೆಯೋ ಕಾನೂನು ಇದೆ, ಅದಕ್ಕೇ ಮೆಷಿನ್ ತೆಗೆಯೋ ಹಾಗಿಲ್ಲ ಅಂತ ಆಸ್ಪತ್ರೆಯೋರು ಹೇಳಿದ್ರು ಅಂತಾರೆ ಮನೆಯೋರು. ಆದ್ರೆ ಅದೇ ರಾಜ್ಯದ ಅಟಾರ್ನಿ ಜನರಲ್, ಅಂದ್ರೆ ಸರ್ಕಾರದ ಮುಖ್ಯ ವಕೀಲರ ಕಚೇರಿ, ಕಾನೂನಲ್ಲಿ ಹಾಗೇನೂ ಇಲ್ಲ ಅಂತು! ಜೂನ್ 13ಕ್ಕೆ ಸಿಸೇರಿಯನ್ ಮಾಡಿ ಗಂಡು ಮಗು ತೆಗೆದ್ರು, 820 ಗ್ರಾಂ ಆಸುಪಾಸು. 17ಕ್ಕೆ ತಾಯಿಯ ವೆಂಟಿಲೇಟರ್ ತೆಗೆದ್ರು. ಹುಡುಗಿಯ ತಾಯಿ ಕೇಳಿದ್ದು ಮಗು ಬೇಡ ಅಂತ ಅಲ್ಲ, ನಮ್ಮನ್ನ ಕೇಳಬೇಕಿತ್ತು ಅಂತ.

ಅಮೆರಿಕದ್ದೇ ಟೆಕ್ಸಾಸ್‌ನಲ್ಲಿ 2013ರ ಕೊನೆಗೆ ಇಂಥದ್ದೇ ಶುರುವಾಗಿ, ಮುಗಿದದ್ದು ಉಲ್ಟಾ. ಹದಿನಾಲ್ಕು ವಾರದ ಬಸುರಿ, ಗಂಡ ಹೆಂಡ್ತಿ ಇಬ್ರೂ ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡೋ ಪ್ಯಾರಾಮೆಡಿಕ್‌ಗಳು, ನನಗೆ ಹೀಗಾದ್ರೆ ಮೆಷಿನ್ ಬೇಡ ಅಂತ ಆಕೆ ಮೊದಲೇ ಗಂಡನಿಗೆ ಹೇಳಿದ್ಳು. ಬಸುರಿ ಪೇಷಂಟ್‌ಗೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ ಅಂತ ಆಸ್ಪತ್ರೆಯೋರು ಕಾನೂನು ತೋರಿಸಿದ್ರು. ಗಂಡ ಕೋರ್ಟಿಗೆ ಹೋದ. 2014ರ ಜನವರಿಯಲ್ಲಿ ಜಡ್ಜ್ ಹೇಳಿದ್ದು ಇಷ್ಟೇ, ಆಕೆ ಸತ್ತಿದಾಳೆ, ಸತ್ತೋರಿಗೆ ಆ ಕಾನೂನು ಬರಲ್ಲ, ಮೆಷಿನ್ ತೆಗೀರಿ. ಸತ್ತಿದಾಳೋ ಇಲ್ವೋ ಅನ್ನೋ ಒಂದು ಮಾತಿನ ಮೇಲೇ ಕೇಸ್ ನಿಂತಿತ್ತು ನೋಡಿ, ಅದಕ್ಕೇ ನಾನು ಕೋಮಾ ಅನ್ನೋ ಪದಕ್ಕೆ ಇಷ್ಟು ಜಗಳ ಆಡ್ತಿರೋದು.

ಹಾಗಂತ ಮೆಷಿನ್ ಇಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಜೆಕ್ ದೇಶದ ಬ್ರನೋ ಊರಲ್ಲಿ 2019ರಲ್ಲಿ 117 ದಿನ ಇಟ್ಟು ಎರಡು ಕೇಜಿ ಮೇಲೆ ತೂಕದ ಹೆಣ್ಣು ಮಗು ತೆಗೆದ್ರು, ನಡೆದಾಡ್ದಂಗೆ ಆಗ್ಲಿ ಅಂತ ತಾಯಿಯ ಕಾಲು ಕೂಡ ಆಡಿಸ್ತಿದ್ರಂತೆ. ಓದಿದಾಗ ಮೊದ್ಲು ನೆನಪಾದದ್ದು ಆ ವಾರ್ಡಿನ ನರ್ಸ್‌ಗಳು. ಮೆದುಳು ಸತ್ತ ಮೇಲೆ ಮೂತ್ರ ಲೀಟರ್‌ಗಟ್ಟಲೆ ಹೋಗ್ತಿರತ್ತೆ, ಬಿಪಿ ಬಿದ್ದುಹೋಗತ್ತೆ, ಮೈ ತಣ್ಣಗಾಗತ್ತೆ, ಹಾರ್ಮೋನುಗಳನ್ನ ಡ್ರಿಪ್‌ನಲ್ಲೇ ಕೊಡ್ಬೇಕು, ಮೂಗಿಂದ ಹೊಟ್ಟೆಗೆ ಹಾಕಿದ ರೈಲ್ಸ್ ಟ್ಯೂಬ್‌ನಲ್ಲಿ ಊಟ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ಬೇಕು, ಸಕ್ಷನ್ ಮಾಡಿ ಕಫ ತೆಗೀಬೇಕು, ಆದ್ರೂ ನಂಜು ಯಾವಾಗ ಏರತ್ತೋ ಹೇಳಕ್ಕಾಗಲ್ಲ. 1982ರಿಂದ 2010ರವರೆಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದ 30 ಕೇಸ್ ಒಟ್ಟುಮಾಡಿ ನೋಡಿದ್ರೆ ಬದುಕಿ ಬಂದ ಮಕ್ಕಳು 12. ಇಪ್ಪತ್ತೈದು ವಾರ ದಾಟಿದ್ರೆ ಕಾಯೋದಕ್ಕೆ ಅರ್ಥ ಇದೆ. ಒಂಬತ್ತು ವಾರಕ್ಕೆ ಮನೆಯೋರನ್ನ ಕೇಳದೇ ಶುರು ಮಾಡೋದು ನನ್ನ ಮಟ್ಟಿಗೆ ಹೆಣದ ಮೇಲೆ ಪ್ರಯೋಗ. ಕಟುವಾಯ್ತೇನೋ, ಇರ್ಲಿ ಬಿಡಿ.

ನಮ್ಮಲ್ಲಿ ಗೋಜಲು ಬೇರೆ ಥರ. ಬ್ರೈನ್ ಡೆತ್ ಅನ್ನೋದು ಬರೋದು 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ, ನಾಲ್ಕು ಜನ ಡಾಕ್ಟ್ರು ಆರು ಗಂಟೆ ಅಂತರದಲ್ಲಿ ಎರಡು ಸಲ ಟೆಸ್ಟ್ ಮಾಡಿ ಸಹಿ ಹಾಕ್ಬೇಕು. ಅಂಗದಾನಕ್ಕೆ ಒಪ್ಪಿದ್ರೆ ಸರಿ, ಒಪ್ಪದಿದ್ರೆ ಮೆಷಿನ್ ತೆಗೆಯಕ್ಕೆ ಡಾಕ್ಟ್ರೇ ಹಿಂದೆ ಮುಂದೆ ನೋಡ್ತಾರೆ, ಬಿಲ್ ಏರ್ತಾ ಹೋಗತ್ತೆ. ಆ ಬೈಕ್ ಹುಡುಗನ ಅಪ್ಪ ಮೂರನೇ ದಿನ ನನ್ನ ಹತ್ರ ಮೆಲ್ಲಗೆ ಕೇಳಿದ್ರು, "ಅಮ್ಮಾ, ತಿಥಿಗೆ ಯಾವ ದಿನ ಲೆಕ್ಕ ಹಿಡೀಬೇಕು?" ಎರಡನೇ ಟೆಸ್ಟ್ ಮುಗಿದ ಹೊತ್ತು ಕೇಸ್ ಶೀಟ್‌ನಲ್ಲಿತ್ತು, ಚೀಟಿಯಲ್ಲಿ ಬರ್ದು ಕೊಟ್ಟೆ. ಅವ್ರಿಗೆ ಅರ್ಥ ಆಗಿತ್ತು, ಹೆಂಡ್ತಿಗೆ ಹೇಳೋ ಧೈರ್ಯ ಇರ್ಲಿಲ್ಲ.

2025ರ ಜನವರಿ 30ಕ್ಕೆ ನಮ್ಮ ರಾಜ್ಯ ಸರ್ಕಾರ ಘನತೆಯ ಸಾವಿನ ಆದೇಶ (ಗುಣ ಆಗೋ ಆಸೆ ಇಲ್ಲದೋರ ಮೆಷಿನ್ ತೆಗೆಯೋದರ ಬಗ್ಗೆ) ಹೊರಡಿಸಿದ್ಮೇಲೆ ಲಿವಿಂಗ್ ವಿಲ್, ಅಂದ್ರೆ ನಾನು ಮಾತಾಡಕ್ಕಾಗದ ಸ್ಥಿತಿಗೆ ಹೋದ್ರೆ ಯಾವ ಚಿಕಿತ್ಸೆ ಬೇಕು ಯಾವುದು ಬೇಡ ಅಂತ ಮೊದಲೇ ಬರೆದಿಡೋ ಪತ್ರದ ಬಗ್ಗೆ ಜನ ಕೇಳ್ತಿದಾರೆ. ಇಬ್ರು ಸಾಕ್ಷಿ, ನೋಟರಿ ಇಲ್ಲಾ ಗೆಜೆಟೆಡ್ ಆಫೀಸರ್ ಸಹಿ ಇದ್ರೆ ಆಯ್ತು. ಮದುವೆಯಾದ ಹೆಣ್ಣುಮಕ್ಕಳು ಬರೆಯೋದಾದ್ರೆ ಆ ಹೊತ್ತಲ್ಲಿ ಹೊಟ್ಟೆಲಿ ಮಗು ಇದ್ರೆ ಏನ್ಮಾಡ್ಬೇಕು, ಎಷ್ಟು ತಿಂಗಳಾಗಿದ್ರೆ ಕಾಯ್ಬೇಕು, ಯಾರನ್ನ ಕೇಳ್ಬೇಕು, ಗಂಡನನ್ನೋ ಅಮ್ಮನನ್ನೋ, ಅದನ್ನೂ ಒಂದು ಸಾಲು ಬರೀರಿ. ನನ್ನ ಸೊಸೆಗೆ ಇದನ್ನ ಹೇಳಿದ್ದಕ್ಕೆ "ಅತ್ತೆ, ಅಪಶಕುನ" ಅಂತ ಎದ್ದು ಹೋದ್ಳು, ಆಮೇಲೆ ರಾತ್ರಿ ತಾನೇ ಬಂದು ಫಾರಂ ಎಲ್ಲಿ ಸಿಗತ್ತೆ ಅಂತ ಕೇಳಿದ್ಳು.

— ನಿವೃತ್ತ ಸ್ಟಾಫ್ ನರ್ಸ್, ದಾವಣಗೆರೆ