ಥ್ಯಾಂಕ್ಸ್ ಹೇಳಬೇಕಾದವರ ಪಟ್ಟಿ ಉದ್ದವಿದೆ

ಮೊದಲು ವಿಷಯ ಹೇಳಿಬಿಡುತ್ತೇನೆ: ನಾನು ಚೆನ್ನಾಗಿದ್ದೇನೆ. ಎದೆಯೊಳಗೆ ಎರಡು ಸ್ಟೆಂಟ್ ಕೂತಿವೆ. ಊಟದಲ್ಲಿ ಉಪ್ಪು ಕಡಿಮೆಯಾಗಿದೆ, ಉಪ್ಪಿನಕಾಯಿ ಭರಣಿಯಂತೂ ಅಡುಗೆಮನೆಯಿಂದಲೇ ನಾಪತ್ತೆ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ ಮಾಡುತ್ತಿದ್ದ ದಿನನಿತ್ಯದ ವರದಿಗಾರಿಕೆಗೆ ನಮಸ್ಕಾರ ಹಾಕಿದ್ದೂ ನಿಜ. ಎರಡೂ ಸುದ್ದಿ ಒಟ್ಟಿಗೇ ಹಬ್ಬಿದ್ದರಿಂದ ಮೈಸೂರು, ಹಾಸನ, ಮೆಲ್ಬರ್ನ್, ಪರ್ತ್ ಎಲ್ಲ ಕಡೆಯಿಂದ ಫೋನು, ಮೆಸೇಜು. ಕೆಲವರಿಗೆ ಉತ್ತರಿಸಿದೆ, ಬಹಳ ಜನಕ್ಕೆ ಆಗಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

2025ರ ಮೇ 3ರ ಚುನಾವಣೆ ಮುಗಿದಿತ್ತು. ಲೇಬರ್ ಪಕ್ಷ 94 ಸೀಟು ಬಾಚಿಕೊಂಡಿತ್ತು. ವಿರೋಧ ಪಕ್ಷದ ನಾಯಕ ಪೀಟರ್ ಡಟನ್ ಸ್ವಂತ ಕ್ಷೇತ್ರ ಡಿಕ್ಸನ್‌ನಲ್ಲೇ ಸೋತಿದ್ದರು. ಕ್ಯಾನ್‌ಬೆರಾ ತುಂಬ ಯಾರಿಗೆ ಯಾವ ಹುದ್ದೆ ಎಂಬ ಗುಸುಗುಸು. ಪ್ರತಿ ಚುನಾವಣೆಯ ನಂತರ ಒಳನಾಡಿಗೆ ಒಂದು ಸುತ್ತು ಹೋಗಿಬರುವುದು ನನ್ನ ಹಳೇ ಚಾಳಿ. ವೋಟು ಕೇಳಲು ಬಂದವರೆಲ್ಲ ಜಾಗ ಖಾಲಿ ಮಾಡಿದ ಮೇಲೆ ಜನ ಆಡುವ ಮಾತಿಗೆ ತೂಕ ಜಾಸ್ತಿ. ಈ ಸಲ ಹೊರಟಿದ್ದು ಪಾರ್ಕ್ಸ್ ಕ್ಷೇತ್ರಕ್ಕೆ. ನ್ಯೂ ಸೌತ್ ವೇಲ್ಸ್ ರಾಜ್ಯದ ಸುಮಾರು ಅರ್ಧ ಭಾಗ ಇದೊಂದೇ ಲೋಕಸಭಾ ಕ್ಷೇತ್ರದೊಳಗಿದೆ. ವಿಸ್ತೀರ್ಣದಲ್ಲಿ ಕರ್ನಾಟಕದ ಎರಡು ಪಟ್ಟು, ಸಂಸದರು ಮಾತ್ರ ಒಬ್ಬರೇ. ಬ್ಯಾರಿಯರ್ ಹೈವೇ ಹಿಡಿದು ಕೋಬಾರ್ ದಾಟಿ ವಿಲ್ಕ್ಯಾನಿಯಾ ಮುಟ್ಟುವಷ್ಟರಲ್ಲಿ ಎಡಗೈ ಜೋಮು ಹಿಡಿದು, ಮೈಯೆಲ್ಲ ಬೆವತು ಹೋಗಿತ್ತು.

ಮೊದಲ ಥ್ಯಾಂಕ್ಸ್ ಅಲ್ಲಿನ ಪೆಟ್ರೋಲ್ ಬಂಕಿನ ಹುಡುಗನಿಗೆ. ದುಡ್ಡು ಕೊಡಲು ಒಳಗೆ ಹೋದವನ ಮುಖ ನೋಡಿದವನೇ ಕಾರ್ಡು ಮುಟ್ಟಲಿಲ್ಲ, ಹೊರಗೆ ಬಂದು ತನ್ನ ಪಿಕಪ್‌ನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಬಿಟ್ಟ. ಅಂಗಡಿಗೆ ಬೀಗ ಹಾಕಿದನೋ ಇಲ್ಲವೋ ಗೊತ್ತಿಲ್ಲ.

ಪುಟ್ಟ ಆಸ್ಪತ್ರೆ. ಆ ಸಂಜೆ ಡ್ಯೂಟಿಯಲ್ಲಿದ್ದ ನರ್ಸಮ್ಮ ನನ್ನ ಹೆಸರು ಕೇಳುವ ಮೊದಲೇ ಅಂಗಿಯ ಗುಂಡಿ ಬಿಚ್ಚಿ ಇಸಿಜಿಯ ಸ್ಟಿಕರ್ ಅಂಟಿಸಿಯಾಗಿತ್ತು. ಕಾಗದ ಹೊರಬಂತು. ಅದನ್ನು ದೂರದ ಊರಿನ ಹೃದ್ರೋಗ ತಜ್ಞರಿಗೆ ಕಳಿಸಿ, ಫೋನನ್ನು ಭುಜ ಮತ್ತು ಕಿವಿಯ ನಡುವೆ ಸಿಕ್ಕಿಸಿಕೊಂಡು, ಅವರು ಹೇಳುತ್ತ ಹೋದ ಹಾಗೆ ರಕ್ತದ ಹೆಪ್ಪು ಕರಗಿಸುವ ಔಷಧಿ ಏರಿಸಿದರು. ಅಷ್ಟರ ನಡುವೆಯೂ 'ಕ್ಯಾನ್‌ಬೆರಾದವರಾ? ಹಾಗಾದರೆ ನಮ್ಮ ಊರಿಗೊಬ್ಬ ಖಾಯಂ ಡಾಕ್ಟರನ್ನು ಕಳಿಸಿ ಅಂತ ಬರೀರಿ' ಅಂದರು. ಬರೆಯುತ್ತಿದ್ದೇನೆ ತಾಯಿ, ಇದೇ ಮೊದಲ ಕಂತು.

ರಾತ್ರಿ ಫ್ಲೈಯಿಂಗ್ ಡಾಕ್ಟರ್ ವಿಮಾನ ಬಂತು. ಒಳಗೆ ನಮ್ಮ ಕಡೆಯ ಟೆಂಪೋ ಟ್ರಾವೆಲರ್‌ನಷ್ಟೂ ಜಾಗ ಇಲ್ಲ. ಸ್ಟ್ರೆಚರ್‌ಗೆ ಬೆಲ್ಟು ಬಿಗಿದು ಮಲಗಿಸಿದರೆ ಕಣ್ಣಿಗೆ ಕಾಣುವುದು ಚಾವಣಿ, ಸಲೈನ್ ಬಾಟಲಿ, ಪಕ್ಕದಲ್ಲಿ ಕೂತ ಫ್ಲೈಟ್ ನರ್ಸ್‌ರ ಕೈ. ಅವರು ಬಿಪಿ, ನಾಡಿಬಡಿತ ಎಲ್ಲ ಕೈಗವಸಿನ ಮೇಲೆಯೇ ಪೆನ್ನಿನಿಂದ ಗೀಚಿಕೊಳ್ಳುತ್ತಿದ್ದರು. ನನ್ನ ಕಸುಬಿನ ಕಣ್ಣು ಆ ಅಂಕಿಗಳ ಮೇಲೆಯೇ ಇತ್ತು. ಗಮನಿಸಿದ ಅವರು ಕೈ ತಿರುಗಿಸಿಕೊಂಡು, 'ಇದು ಪ್ರೆಸ್ ರಿಲೀಸ್ ಅಲ್ಲ' ಅಂದರು. ಅಡಿಲೇಡ್‌ನಲ್ಲಿ ಇಳಿಸಿದರು. ಉಳಿದದ್ದು ನಿಮಗೆ ಗೊತ್ತು.

ಹಾಸನದಿಂದ ಅಕ್ಕ ಕೇಳಿದ ಮೊದಲ ಪ್ರಶ್ನೆ 'ಹೇಗಿದ್ದೀಯೋ', ಎರಡನೆಯದು 'ಬಿಲ್ಲು ಎಷ್ಟಾಯ್ತೋ'. ವಿಮಾನಕ್ಕೂ ಇಲ್ಲ, ಆಸ್ಪತ್ರೆಗೂ ಇಲ್ಲ ಎಂದರೆ ನಂಬಲಿಲ್ಲ. ನಂಬುವುದು ಕಷ್ಟವೇ. ಈ ವಿಮಾನ ಸೇವೆ ಶುರುವಾದದ್ದು 1928ರ ಮೇನಲ್ಲಿ, ಕ್ವೀನ್ಸ್‌ಲ್ಯಾಂಡ್‌ನ ಕ್ಲೋನ್‌ಕರಿಯಿಂದ. ಜಾನ್ ಫ್ಲಿನ್ ಎಂಬ ಪಾದ್ರಿಯ ಹಟದಿಂದ. ಕರೆಂಟಿಲ್ಲದ ಹಟ್ಟಿಗಳಿಂದ ಡಾಕ್ಟರನ್ನು ಕರೆಯುವುದು ಹೇಗೆ? ಆಲ್ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರ್ ಪೆಡಲ್ ತುಳಿದರೆ ನಡೆಯುವ ರೇಡಿಯೊ ಮಾಡಿಕೊಟ್ಟರು. ಇವತ್ತಿಗೂ ಸರ್ಕಾರದ ದುಡ್ಡಿನ ಜೊತೆಗೆ ಜನರ ದೇಣಿಗೆಯೂ ಸೇರಿ ಆ ವಿಮಾನಗಳು ಹಾರುತ್ತವೆ.

ಇನ್ನು ಮೆಡಿಕೇರ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ. ಇದರ ಬಗ್ಗೆ ನಾನು ಎಷ್ಟು ಬರೆದಿರಬಹುದು! ಬಜೆಟ್ ದಿನ ನಮ್ಮನ್ನು ಮಧ್ಯಾಹ್ನ ಒಂದೂವರೆಗೆ ಒಳಗೆ ಹಾಕಿ, ಫೋನು ಕಸಿದುಕೊಂಡು, ಸಂಜೆ ಏಳೂವರೆಗೆ ಖಜಾಂಚಿ (ಬಜೆಟ್ ಮಂಡಿಸುವ ಸಚಿವರು) ಭಾಷಣಕ್ಕೆ ಎದ್ದು ನಿಲ್ಲುವವರೆಗೆ ಹೊರಗೆ ಬಿಡುವುದಿಲ್ಲ. ಆ ಕೋಣೆಯಲ್ಲಿ ತಣ್ಣಗಾದ ಸ್ಯಾಂಡ್‌ವಿಚ್ ತಿನ್ನುತ್ತ ಮೆಡಿಕೇರ್‌ನ ಪುಟಗಳನ್ನು ತಿರುವಿ ಹಾಕಿ, ಯಾರು ಗೆದ್ದರು ಯಾರು ಸೋತರು ಅಂತ ಬರೆಯುವುದು ಪದ್ಧತಿ. ಈ ಚುನಾವಣೆಯಲ್ಲಿ ಪ್ರಧಾನಿ ಆಂಟನಿ ಆಲ್ಬನೀಸ್ ಹೋದಲ್ಲೆಲ್ಲ ಜೇಬಿನಿಂದ ಹಸಿರು ಮೆಡಿಕೇರ್ ಕಾರ್ಡ್ ತೆಗೆದು ತೋರಿಸುತ್ತಿದ್ದರು, ನಾವು ನಗುತ್ತಿದ್ದೆವು. ಆದರೆ ಆ ಕಾರ್ಡಿನ ಹಿಂದಿನ ಕಥೆ ಸಣ್ಣದಲ್ಲ. ವಿಟ್ಲಮ್ ಸರ್ಕಾರ ತಂದ ಆರೋಗ್ಯ ವಿಮೆ ಮಸೂದೆಗಳನ್ನು ಮೇಲ್ಮನೆಯಾದ ಸೆನೆಟ್ ತಡೆಹಿಡಿಯಿತು. ಎರಡೂ ಸದನ ವಿಸರ್ಜನೆಯಾಗಿ ಮತ್ತೆ ಚುನಾವಣೆಯಾಯಿತು. ಆಮೇಲೂ ಜಗಳ ಮುಗಿಯದೆ 1974ರ ಆಗಸ್ಟ್‌ನಲ್ಲಿ ಜಂಟಿ ಅಧಿವೇಶನ ಕರೆದು ಪಾಸು ಮಾಡಿದರು. ಈ ಕಾರಣಕ್ಕೆ ಜಂಟಿ ಅಧಿವೇಶನ ನಡೆದದ್ದು ಆಸ್ಟ್ರೇಲಿಯಾದ ಇತಿಹಾಸದಲ್ಲಿ ಅದೊಂದೇ ಸಲ. 1975ರ ಜುಲೈನಲ್ಲಿ ಮೆಡಿಬ್ಯಾಂಕ್ ಎಂಬ ಹೆಸರಿನಲ್ಲಿ ಶುರುವಾಯಿತು, ನವೆಂಬರ್ 11ಕ್ಕೆ ಗವರ್ನರ್ ಜನರಲ್ ಸರ್ಕಾರವನ್ನೇ ವಜಾ ಮಾಡಿದರು. ಆಮೇಲೆ ಪ್ರಧಾನಿಯಾದ ಫ್ರೇಸರ್ ಅದನ್ನು ಒಂದೊಂದೇ ಕಳಚಿಹಾಕಿದರು, ಅವರ ನಂತರದ ಪ್ರಧಾನಿ ಹಾಕ್ 1984ರ ಫೆಬ್ರವರಿಯಲ್ಲಿ ಮೆಡಿಕೇರ್ ಎಂದು ಮತ್ತೆ ಕಟ್ಟಿದರು. ಆ ಹೊತ್ತಿನ ಯಾವ ಹಿಂಬೆಂಚಿನ ಸದಸ್ಯರ ಹೆಸರೂ ಇವತ್ತು ಯಾರಿಗೂ ನೆನಪಿಲ್ಲ. ನನಗೆ ಸ್ಟೆಂಟ್ ಹಾಕಿಸಿದವರು ಅವರು.

ಇದನ್ನೇ ಹೇಳಬೇಕು ಅಂತ ಇಷ್ಟು ಬರೆದೆ. ಸಂಸತ್ ಭವನದ ಎರಡನೇ ಮಹಡಿಯಲ್ಲಿ ಕೂತು ನಾವು ಬರೆಯುವುದು ಕುರ್ಚಿ ಕಿತ್ತಾಟ. 2010ರಿಂದ 2018ರವರೆಗೆ ರಡ್, ಗಿಲಾರ್ಡ್, ಮತ್ತೆ ರಡ್, ಅಬಟ್, ಟರ್ನ್‌ಬುಲ್, ಮಾರಿಸನ್ ಅಂತ ಪ್ರಧಾನಿಗಳು ಬದಲಾಗುತ್ತಿದ್ದಾಗ ನಮಗೆ ನಿದ್ದೆಯಿರಲಿಲ್ಲ, ನಿಜ ಹೇಳಬೇಕೆಂದರೆ ಖುಷಿಯೂ ಇತ್ತು. ಆ ಗದ್ದಲದ ಕೆಳಗೆ ತಮ್ಮ ಪಾಡಿಗೆ ತಾವು ಕೆಲಸ ಮಾಡುವವರಿಗೆ ನಮ್ಮ ಪುಟದಲ್ಲಿ ಜಾಗ ಸಿಗುವುದಿಲ್ಲ. ನನ್ನ ಉಳಿದ ಥ್ಯಾಂಕ್ಸ್ ಎಲ್ಲ ಅವರಿಗೇ.

ಚುನಾವಣಾ ಆಯೋಗದ ತಾತ್ಕಾಲಿಕ ಸಿಬ್ಬಂದಿಗೆ. ಕೆಳಮನೆಯ ಮತಪತ್ರ ಇಲ್ಲಿ ಈಗಲೂ ಕಾಗದದ್ದೇ, ಎಣಿಕೆ ಕೈಯಲ್ಲೇ, ಅದೂ ಒಂದನೇ ಆಯ್ಕೆ ಎರಡನೇ ಆಯ್ಕೆ ಅಂತ ಹಂಚಿ ಹಂಚಿ. ಸಿಡ್ನಿಯ ಬ್ರ್ಯಾಡ್‌ಫೀಲ್ಡ್‌ನಲ್ಲಿ ಈ ಸಲ ಮರುಎಣಿಕೆಯಾಗಿ ಗೆಲುವಿನ ಅಂತರ ಬರೀ 26 ಮತಕ್ಕೆ ನಿಂತಿತು. ಒಂದು ಕಲ್ಲು ಹಾರಲಿಲ್ಲ, ಒಂದು ಬಸ್ಸಿಗೆ ಬೆಂಕಿ ಬೀಳಲಿಲ್ಲ. ಊರಿನ ಓದುಗರು ಪ್ರತಿ ಸಲ ಕೇಳುತ್ತೀರಿ, 'ವೋಟು ಹಾಕದಿದ್ದರೆ ದಂಡವಂತೆ ಹೌದಾ ಸಾರ್?' ಹೌದು, 20 ಡಾಲರ್. 1922ರಲ್ಲಿ ಮತದಾನ ಶೇ 60ನ್ನೂ ಮುಟ್ಟದಿದ್ದಾಗ 1924ರಲ್ಲಿ ಕಡ್ಡಾಯ ಮಾಡಿದರು. ಮುಂದಿನ ಚುನಾವಣೆಗೇ ಶೇ 91 ದಾಟಿತು. ಕಡ್ಡಾಯದ ಬಗ್ಗೆ ತಕರಾರು ಇರುವವರು ಇದ್ದಾರೆ. ನಾನು ಅವರ ಪೈಕಿ ಅಲ್ಲ. ಎಲ್ಲರೂ ಬಂದೇ ಬರುತ್ತಾರೆ ಅಂತಾದಾಗ ಪಕ್ಷಗಳು ತಮ್ಮವರನ್ನಷ್ಟೇ ಕೆರಳಿಸಿ ಗೆಲ್ಲುವುದು ಕಷ್ಟವಾಗುತ್ತದೆ. ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ಆಂಟನಿ ಗ್ರೀನ್‌ರಿಗೂ ಒಂದು ಸಲಾಮು: ಮೂರು ದಶಕಕ್ಕೂ ಮಿಕ್ಕಿ ಚುನಾವಣೆ ರಾತ್ರಿಯ ಲೆಕ್ಕ ಒಪ್ಪಿಸಿ, ಇದೇ ಮೇ 3ಕ್ಕೆ ಆ ಕೆಲಸ ಮುಗಿಸಿದರು. ನಾವಿಬ್ಬರೂ ಒಂದೇ ಚುನಾವಣೆಗೆ ಅಂಗಡಿ ಮುಚ್ಚಿದೆವು ಎಂಬುದು ನನ್ನ ಹೆಮ್ಮೆ, ಅವರಿಗೆ ಗೊತ್ತಿಲ್ಲದಿದ್ದರೂ.

ಸಣ್ಣ ಊರುಗಳ ಪತ್ರಿಕೆಯವರಿಗೆ. ವಿಲ್ಕ್ಯಾನಿಯಾದ ಪಕ್ಕದಲ್ಲಿ ಹರಿಯುವುದು ಡಾರ್ಲಿಂಗ್ ನದಿ, ಅಲ್ಲಿನ ಮೂಲನಿವಾಸಿಗಳಾದ ಬಾರ್ಕಿಂಜಿ ಜನ ಬಾಕಾ ಅನ್ನುತ್ತಾರೆ. ಒಂದು ಕಾಲದಲ್ಲಿ ಉಣ್ಣೆ ಹೊತ್ತ ಸ್ಟೀಮರ್‌ಗಳು ನಿಲ್ಲುತ್ತಿದ್ದ ಬಂದರು ಅದು. ನಾನು ನೋಡುವ ಹೊತ್ತಿಗೆ ಎಷ್ಟೋ ಸಲ ಬರೀ ಕೆಸರುಗುಂಡಿಗಳ ಸಾಲು. ಮೇಲಿನವರು ಹತ್ತಿಗೆ ನೀರೆತ್ತುತ್ತಾರೆ, ಕೆಳಗಿನವರಿಗೆ ಉಳಿಯುವುದಿಲ್ಲ ಎಂಬ ಜಗಳವನ್ನು ಮಂಡ್ಯದ ಸೀಮೆ ಸುತ್ತಿದವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ನಾನು ಕೆಳಗಿನವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. 2019ರ ಜನವರಿಯಲ್ಲಿ ಅದೇ ನದಿಯ ಮೆನಿಂಡಿಯಲ್ಲಿ ಲಕ್ಷಗಟ್ಟಲೆ ಮೀನು ಸತ್ತು ತೇಲಿದಾಗ ಇಡೀ ದೇಶದ ಕ್ಯಾಮೆರಾ ಅಲ್ಲಿಗೆ ಓಡಿತು. ಅದಕ್ಕೆ ಎಷ್ಟೋ ಮುಂಚಿನಿಂದ ನೀರಿನ ಲೆಕ್ಕ ಕೇಳುತ್ತಿದ್ದವರು ಸ್ಥಳೀಯ ವರದಿಗಾರರು, ರೇಡಿಯೊದವರು, ನದಿಯ ದಂಡೆಯ ಹಿರಿಯ ಹೆಂಗಸರು. ನನಗೆ ಫೋನ್ ನಂಬರ್ ಕೊಟ್ಟವರು, ದಾರಿ ತೋರಿಸಿದವರು, 'ನೀನು ಕೇಳಬೇಕಾದ ಪ್ರಶ್ನೆ ಇದಲ್ಲ' ಎಂದು ತಿದ್ದಿದವರು ಅವರೇ.

ಅಂಥ ಪತ್ರಿಕೆಗಳು ಈಗ ಕಮ್ಮಿಯಾಗುತ್ತಿವೆ. 2020ರಲ್ಲಿ ಮಾಧ್ಯಮ ದೊರೆ ಮರ್ಡೋಕ್ ಸಂಸ್ಥೆಯೊಂದೇ ನೂರಕ್ಕೂ ಹೆಚ್ಚು ಪ್ರಾದೇಶಿಕ, ಬಡಾವಣೆ ಪತ್ರಿಕೆಗಳ ಮುದ್ರಣ ನಿಲ್ಲಿಸಿತು. ಬ್ರಿಸ್ಬೇನ್, ಅಡಿಲೇಡ್‌ನಂಥ ರಾಜಧಾನಿಗಳಲ್ಲೂ ಊರಿನದು ಅನ್ನುವಂಥ ಮುದ್ರಿತ ದಿನಪತ್ರಿಕೆ ಒಂದೊಂದೇ, ಎರಡೂ ಅದೇ ಮನೆಯವು. ಬ್ರೋಕನ್ ಹಿಲ್‌ನಲ್ಲಿ ಗಣಿ ಕಾರ್ಮಿಕರ ಸಂಘಗಳೇ ಮಾಲೀಕರಾಗಿ 1908ರಿಂದ ದಿನಪತ್ರಿಕೆ ನಡೆಸಿದ್ದರು ಎಂದರೆ ಇವತ್ತಿನ ಹುಡುಗರು ಕಟ್ಟುಕಥೆ ಅನ್ನುತ್ತಾರೆ. 2021ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಈ ದೇಶದ ಸುದ್ದಿಯನ್ನೆಲ್ಲ ಕೆಲವು ದಿನ ಬಂದ್ ಮಾಡಿತಲ್ಲ, ಆಗ ಎಷ್ಟೋ ಊರುಗಳಿಗೆ ತಮ್ಮ ಸುದ್ದಿ ಬರುವ ದಾರಿ ಅದೊಂದೇ ಎಂದು ಗೊತ್ತಾಯಿತು. 2019ರ ಕೊನೆಯ ಕಾಡ್ಗಿಚ್ಚಿನಲ್ಲಿ ಕೋಬಾರ್ಗೋ, ಮಲಕೂಟಾ ಕಡೆ ಮೊಬೈಲ್ ಟವರ್‌ಗಳೇ ಸತ್ತಾಗ ಜನರನ್ನು ಉಳಿಸಿದ್ದು ಕಾರಿನೊಳಗಿನ ಎಬಿಸಿ ರೇಡಿಯೊ. ರಾತ್ರಿಯಿಡೀ ಯಾವ ರಸ್ತೆ ಮುಚ್ಚಿದೆ, ಗಾಳಿ ಎತ್ತ ತಿರುಗಿದೆ ಎಂದು ಬಡಬಡ ಹೇಳುತ್ತಿದ್ದ ಆ ದನಿಗಳಿಗೆ ಯಾವ ಪ್ರಶಸ್ತಿ ಕೊಟ್ಟರೂ ಸಾಲದು.

ಹೆಸರು ಹೇಳಬಾರದವರಿಗೂ ಥ್ಯಾಂಕ್ಸ್. 2019ರ ಜೂನ್‌ನಲ್ಲಿ ಫೆಡರಲ್ ಪೊಲೀಸರು ಒಬ್ಬ ಪತ್ರಕರ್ತೆಯ ಮನೆಗೆ, ಮಾರನೇ ದಿನವೇ ಸಿಡ್ನಿಯ ಎಬಿಸಿ ಕಚೇರಿಗೆ ನುಗ್ಗಿದ ಮೇಲೆ ಫೋನ್ ಮಾಡಲು ಧೈರ್ಯ ಬೇಕಿತ್ತು. ಆದರೂ ಮಾಡಿದಿರಿ. ರೋಬೋಡೆಟ್ ಎಂಬ ಸರ್ಕಾರಿ ಸಾಲ ವಸೂಲಿ ಯೋಜನೆಯ ಕಾಲದಲ್ಲಿ, ವರ್ಷದ ಆದಾಯವನ್ನು ಹದಿನೈದು ದಿನಕ್ಕೆ ಸರಾಸರಿ ಹಂಚಿ ಇಲ್ಲದ ಸಾಲವನ್ನು ಬಡವರ ತಲೆಗೆ ಕಟ್ಟುತ್ತಿದ್ದಾಗ, ಲೆಕ್ಕ ತಪ್ಪು ಎಂದು ಒಳಗಿನಿಂದಲೇ ಹೇಳಿದವರು, ಹಳೇ ಸಂಬಳ ಚೀಟಿಗಳನ್ನು ಶೂ ಡಬ್ಬಿಯಲ್ಲಿ ತಂದು ಮುಂದೆ ಸುರಿದವರು, ನಿಮ್ಮ ಮಾತೇ ಸರಿ ಎಂದು 2023ರಲ್ಲಿ ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಆಯೋಗ ಬರೆದುಕೊಟ್ಟಿತು. ನಾನು ಬರೀ ಟೈಪ್ ಮಾಡಿದವನು.

ಸಂಸತ್ ಭವನದ ಕ್ಲೀನರ್‌ಗಳು, ಸೆಕ್ಯುರಿಟಿಯವರು, ಸದನದ ಮಾತುಗಳನ್ನು ದಾಖಲಿಸುವ ಹ್ಯಾನ್ಸಾರ್ಡ್‌ನವರು, ಮತವಿಭಜನೆಯ ಗಂಟೆ ಬಾರಿಸಿದಾಗ ಗಡಿಯಾರದ ದೀಪ ಹಸಿರೋ ಕೆಂಪೋ ನೋಡದೆ ತಪ್ಪು ಸದನಕ್ಕೆ ಓಡುತ್ತಿದ್ದ ಹೊಸಬನಿಗೆ ದಾರಿ ತೋರಿಸಿದ ಹಿರಿಯರು: ನಿಮ್ಮನ್ನೆಲ್ಲ ಖುದ್ದಾಗಿ ನೋಡಿ ಹೇಳುತ್ತೇನೆ. ಬೆಂಗಳೂರಿನ ಡೆಸ್ಕ್‌ನಲ್ಲಿ ಪಿಟಿಐ ಟೆಲಿಪ್ರಿಂಟರ್ ಪಕ್ಕ ಕೂರಿಸಿ, ಒಂದು ವಾಕ್ಯಕ್ಕೆ ಒಂದೇ ಸುದ್ದಿ ಅಂತ ಕೆಂಪು ಪೆನ್ನಿನಲ್ಲಿ ಬಡಿದು ಕಲಿಸಿದ ನಮ್ಮ ಮುಖ್ಯ ಉಪಸಂಪಾದಕರು ಈಗಿಲ್ಲ. ಇದ್ದಿದ್ದರೆ ಈ ಬರಹವನ್ನು ಅರ್ಧಕ್ಕೆ ಕತ್ತರಿಸುತ್ತಿದ್ದರು.

ಮನೆಯವಳ ಬಗ್ಗೆ ಬರೆಯಬೇಡಿ ಅಂತ ಆಜ್ಞೆಯಾಗಿದೆ. ಸಾರಿಗೆ ಉಪ್ಪಿಲ್ಲ ಅಂತ ಮಾತ್ರ ಇಲ್ಲಿ ದಾಖಲಿಸುತ್ತೇನೆ.

ಅಂಕಣ ತಿಂಗಳಿಗೆ ಎರಡು ಸಲ ಮುಂದುವರಿಯುತ್ತದೆ. ಹೂಗುಚ್ಛ ಕಳಿಸುವ ಯೋಚನೆ ಇದ್ದವರು ದಯವಿಟ್ಟು ಆ ದುಡ್ಡನ್ನು ಫ್ಲೈಯಿಂಗ್ ಡಾಕ್ಟರ್ ಸೇವೆಗೆ ಕೊಡಿ. ನನ್ನ ಕಾರು ಇನ್ನೂ ವಿಲ್ಕ್ಯಾನಿಯಾದಲ್ಲೇ ಇದೆ. ಬಂಕಿನ ಹುಡುಗ ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತಿದ್ದಾನಂತೆ. ತರಲು ಮುಂದಿನ ತಿಂಗಳು ಹೋಗುತ್ತೇವೆ, ಸ್ಟಿಯರಿಂಗ್ ನನ್ನ ಕೈಗೆ ಕೊಡುವುದಿಲ್ಲವಂತೆ. ಆ ಪೆಟ್ರೋಲಿನ ದುಡ್ಡೂ ಬಾಕಿ ಇದೆ.