ತಂಡದ ಲೀಡರ್‌ಗಳ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ವಾರ ನಿಮ್ಮ ತಂಡದವರ ಜೊತೆ ಒಬ್ಬೊಬ್ಬರಾಗಿ ಮಾತಾಡುವಾಗ ಟಾರ್ಗೆಟ್ ಜೊತೆಗೆ ಕೆಲಸದ ಹೊರೆಯ ಬಗ್ಗೆಯೂ ಕೇಳಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ (ಕೆಲಸದ ಒತ್ತಡ ತಾಳಲಾರದೆ ಬಳಲಿ ಹೋಗುವುದು) ಅನ್ನು ಕಾಯಿಲೆ ಅಂತಲ್ಲ, ಕೆಲಸದಿಂದಲೇ ಬರುವ ಸ್ಥಿತಿ ಅಂತ ಗುರುತಿಸಿದೆ. ಲಕ್ಷಣ ಮೂರು: ವಿಪರೀತ ಸುಸ್ತು, ಕೆಲಸದ ಮೇಲೆ ಜಿಗುಪ್ಸೆ, ಕೆಲಸ ಕೈಗೆ ಹತ್ತದಿರುವುದು. ನಮಗೆ ಕಾಣುವುದು ಮೂರನೆಯದು ಮಾತ್ರ. ತಕ್ಷಣ ಸೋಮಾರಿ ಅಂದುಬಿಡುತ್ತೇವೆ, ಅಲ್ವಾ? ಮೀಟಿಂಗ್‌ನಲ್ಲಿ ವಾದ ಮಾಡುತ್ತಿದ್ದವರು ಈಗ ಎಲ್ಲದಕ್ಕೂ ‘ಸರಿ ಸರ್’ ಅನ್ನುತ್ತಿದ್ದರೆ ಗಮನಿಸಿ. ಸುಮ್ನೆ ಹುರುಪಿನ ಭಾಷಣ ಮಾಡಿಸಿ ಪ್ರಯೋಜನವಿಲ್ಲ. ಅವರ ಪಟ್ಟಿಯಿಂದ ಒಂದು ಕೆಲಸ ತೆಗೆಯಿರಿ.

ರಾತ್ರಿ ಹೊತ್ತು ತಂಡದ ಮೆಸೇಜ್ ಗ್ರೂಪ್‌ನಲ್ಲಿ ಕೆಲಸ ಹಂಚಬೇಡಿ. ಯಾರಿಗೆ ಹೊರೆ ಜಾಸ್ತಿಯಾಗಿದೆ ಅಂತ ಶುಕ್ರವಾರದೊಳಗೆ ನನಗೆ ಪ್ರತ್ಯೇಕವಾಗಿ ತಿಳಿಸಿ. ಇಲ್ಲಿ ಹೆಸರು ಹಾಕಬೇಡಿ.