ಪಾಠ ಹೇಳಿದ ಅಕ್ಕಂದಿರಿಗೆ ಶರಣು

ಮುಂಬೈಯ ನಮ್ಮ ಆಸ್ಪತ್ರೆಯಲ್ಲಿ ಚಾಪ್ಲಿನ್‌ಗಳ, ಅಂದರೆ ರೋಗಿಗಳ ಮನಸ್ಸಿಗೂ ನಂಬಿಕೆಗೂ ಆಸರೆಯಾಗಿ ನಿಲ್ಲುವವರ, ಮೊದಲ ತಂಡದ ತರಬೇತಿ ಹೋದ ವಾರ ಮುಗಿಯಿತು. ಟ್ರಾನ್ಸ್‌ಜೆಂಡರ್ ರೋಗಿಗಳ ಪಕ್ಕ ಕೂತು ಅವರ ಭಯ, ದುಃಖ, ದೇವರು, ಹರಕೆ ಎಲ್ಲವನ್ನೂ ಕೇಳಿಸಿಕೊಳ್ಳುವುದು ಹೇಗೆ ಅನ್ನೋದೇ ವಿಷಯ. ನಡೆಸುವ ಹೊಣೆ ನನ್ನದಾಗಿತ್ತು. ಪಾಠ ಹೇಳಿದವರು ಮಾತ್ರ ಆಸ್ಪತ್ರೆಯ ಕಷ್ಟ ಉಂಡ ಟ್ರಾನ್ಸ್ ಅಕ್ಕಂದಿರು. ಈ ಬರಹ ಅವರಿಗಾಗಿ.

ಮೊದಲ ನಮಸ್ಕಾರ ಸವದತ್ತಿ ಕಡೆಯಿಂದ ಬಂದು ಧಾರಾವಿಯಲ್ಲಿ ನೆಲೆಸಿರುವ ಜೋಗತಿ ಅಮ್ಮನಿಗೆ. ಅಭ್ಯಾಸಕ್ಕೆಂದು ಅವರೇ ರೋಗಿಯಾಗಿ ಮಂಚದ ಮೇಲೆ ಕೂತಿದ್ದರು. ನಮ್ಮ ಫಾದರ್ ಹೋದವರೇ ಕಣ್ಣು ಮುಚ್ಚಿ ಪ್ರಾರ್ಥನೆಗೆ ಶುರುಮಾಡಿದರು. ಅಮ್ಮ ಅವರ ಕೈ ಹಿಡಿದು ನಿಲ್ಲಿಸಿದರು. “ತಡೀರಿ ಫಾದರ್. ಮೊದ್ಲ ನನ್ನ ಹೆಸರ ಕೇಳ್ರಿ. ಆಮ್ಯಾಲ ನನ್ನ ದೇವ್ರು ಯಾರಂತ ಕೇಳ್ರಿ. ಪ್ರಾರ್ಥನೆ ಬೇಕೋ ಬ್ಯಾಡೋ ನಾನ ಹೇಳ್ತೀನಿ.” ಆಮೇಲೆ ಸೆರಗಿನ ಗಂಟು ಬಿಚ್ಚಿ ಎಲ್ಲಮ್ಮನ ಭಂಡಾರ ತೋರಿಸಿದರು. ಹಿಂದೊಮ್ಮೆ ಬೇರೊಂದು ಆಸ್ಪತ್ರೆಗೆ ಸೇರಿದ್ದಾಗ ಅದನ್ನು ಕಸವೆಂದು ಎಸೆದಿದ್ದರಂತೆ. ವಾರ್ಡಿನಲ್ಲಿ ಪುಡಿ ಹಾರಬಾರದು, ಸೋಂಕಿನ ಭಯ ಇರುತ್ತದೆ, ಸರಿ. ಆದರೆ ಮುಚ್ಚಳದ ಪುಟ್ಟ ಡಬ್ಬಿಯಲ್ಲಿ ಹಾಕಿ ದಿಂಬಿನ ಪಕ್ಕ ಇಡಬಹುದಲ್ವಾ? ವಾರ್ಡಿನ ನರ್ಸ್ ಹತ್ತಿರ ಆ ಮಾತಾಡುವುದೂ ಚಾಪ್ಲಿನ್ ಕೆಲಸವೇ.

ರೋಗಿಯೇ ಗುರುವಾಗುವ ಈ ಪದ್ಧತಿ ಹಳೆಯದು. 1925ರಲ್ಲಿ ಅಮೆರಿಕದ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಧರ್ಮಶಾಸ್ತ್ರದ ವಿದ್ಯಾರ್ಥಿಗಳಿಗೆ ಇಂಥ ತರಬೇತಿ ಶುರುಮಾಡಿದ ಆಂಟನ್ ಬಾಯ್ಸನ್ ಸ್ವತಃ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದವರು. ಪುಸ್ತಕ ಓದಿದಷ್ಟೇ ಶ್ರದ್ಧೆಯಿಂದ ಮನುಷ್ಯರನ್ನು ಓದಿ ಅಂದವರು.

ಇನ್ನೊಬ್ಬ ಅಕ್ಕನ ಮಾತು ಕೇಳಿ ನಾವೆಲ್ಲ ತುಂಬಾ ಹೊತ್ತು ಸುಮ್ನೆ ಕೂತಿದ್ದೆವು. ಅವರ ಗುರು ಐಸಿಯುನಲ್ಲಿದ್ದಾಗ ಬಾಗಿಲಲ್ಲಿ “ರಕ್ತಸಂಬಂಧಿಗಳು ಮಾತ್ರ” ಅಂದರಂತೆ. ಹಿಜ್ರಾ ಮನೆಯಲ್ಲಿ ಚೇಲಾಗಳಿಗೆ, ಅಂದರೆ ಶಿಷ್ಯೆಯರಿಗೆ, ಗುರುವೇ ತಾಯಿ. ಊಟ ಹಾಕಿದ್ದು, ಜ್ವರ ಬಂದಾಗ ನೋಡಿಕೊಂಡಿದ್ದು ಆ ಗುರು. ಹುಟ್ಟಿದ ಮನೆಯವರು ಕೊನೆಗೆ ಬಂದರು, ಗಂಡಸಿನ ಬಟ್ಟೆ ತೊಡಿಸಿ ಒಯ್ದರು. “ನಮ್ಮಮ್ಮನ್ನ ಸೀರೆಯಲ್ಲಿ ಕಳಿಸೋಕೆ ಆಗಲಿಲ್ಲ” ಅಂದು ಅಕ್ಕ ಅತ್ತರು. ಈಗ ನಮ್ಮ ಚಾಪ್ಲಿನ್‌ಗಳು ರೋಗಿಗೆ ಪ್ರಜ್ಞೆ ಇರುವಾಗಲೇ ಕೇಳಿ ಫೈಲಿಗೆ ಬರೆಸುತ್ತಾರೆ: ಯಾವ ಹೆಸರಿಂದ ಕರೆಯಬೇಕು, ಪಕ್ಕದಲ್ಲಿ ಯಾರಿರಬೇಕು, ಹೋದ ಮೇಲೆ ಏನು ಉಡಿಸಬೇಕು. ಈ ಕೊನೆಯ ಪ್ರಶ್ನೆ ಕೇಳೋದು ಕಷ್ಟ. ಆದರೂ ಕೇಳಲೇಬೇಕು.

ತಮ್ಮ ಲಿಂಗ ಯಾವುದೆಂದು ಹೇಳುವ ಹಕ್ಕು ಟ್ರಾನ್ಸ್‌ಜೆಂಡರ್ ಜನರದೇ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಎಂದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆ ಹೇಳುತ್ತದೆ. ಜೋಗತಿ ನೃತ್ಯದ ಕಲಾವಿದೆ, ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ಮುಂಬೈ ಕನ್ನಡಿಗರೂ ಹೆಮ್ಮೆಪಟ್ಟೆವು. ಅದೇ ಪರಂಪರೆಯ ಹೆಣ್ಣುಮಗಳನ್ನು ಯಾವ ವಾರ್ಡಿಗೆ ಹಾಕೋದು ಅಂತ ಅವಳ ಮುಂದೆಯೇ ಚರ್ಚೆ ಮಾಡೋದು ನನಗೆ ಸಹಿಸಲಾಗದ ಸಂಗತಿ.

ಎಷ್ಟು ತಿದ್ದಿದರೂ ಬೇಸರಿಸದ ಫಾದರ್‌ಗೆ, ಭಜನಾ ಮಂಡಳಿಯ ಮಾಮಿಗೆ, ರೋಜಾದಲ್ಲೂ ತಪ್ಪದೆ ಬಂದ ಮೌಲ್ವಿ ಸಾಹೇಬರಿಗೆ ನಾನು ಋಣಿ. ಅಡ್ಮಿಷನ್ ಫಾರ್ಮಿನಲ್ಲಿ “ಕರೆಯುವ ಹೆಸರು” ಅಂತ ಒಂದು ಸಾಲು ಸೇರಿಸಲು ಹಟ ಹಿಡಿದ ಮೇಟ್ರನ್ ಅವರಿಗೆ ಇನ್ನೂ ಜಾಸ್ತಿ. ಪಾಠ ಮಾಡಿದ ಅಕ್ಕಂದಿರಿಗೆ ಡಾಕ್ಟರ್‌ಗಳಿಗೆ ಕೊಡುವಷ್ಟೇ ಗೌರವಧನ ಕೊಡಲು ಒಪ್ಪಿದ ಆಡಳಿತದವರಿಗೂ ವಂದನೆ.

ಮಳೆಗಾಲ ಮುಗಿದ ಮೇಲೆ ಎರಡನೇ ತಂಡ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬರುವ ರೋಗಿಗಳಿಗೆ ಕನ್ನಡದಲ್ಲಿ ಮಾತಾಡುವವರು ನಮ್ಮಲ್ಲಿ ಕಮ್ಮಿ. ಬಿಡುವಿದ್ದರೆ ಬನ್ನಿ. ಜೋಗತಿ ಅಮ್ಮ ಮತ್ತೆ ಕಲಿಸಲು ಒಪ್ಪಿದ್ದಾರೆ.